ಲಗಮಣ್ಣನ ನೋವಿನ ಗುಳಿಗಿ

ಮನೋಳಿಯ ಕಡವಿನಲ್ಲಿ ಹರಗೋಲು ನಡೆಸುತ್ತಿದ್ದ ಲಗಮಣ್ಣನಿಗೆ ಹುಟ್ಟು ಹಾಕುವುದಕ್ಕಿಂತ ಮಾತಾಡುವುದೇ ಹೆಚ್ಚು ಇಷ್ಟ ಎಂದು ಊರವರು ನಗುತ್ತಿದ್ದರು. ಆದರೆ ಮಲಪ್ರಭೆ ಕೆಂಪಗೆ ತುಂಬಿ ಬಂದಾಗಲೂ ಅವನ ಹರಗೋಲಿನಲ್ಲಿ ಕುಳಿತವರು ಹೆದರುತ್ತಿರಲಿಲ್ಲ. ಸುಳಿ ಎಲ್ಲಿ ತಿರುಗುತ್ತದೆ, ಯಾವ ಬಂಡೆ ನೀರೊಳಗೆ ಅಡಗಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಗಂಡನ ಮನೆಗೆ ಹೊರಟ ಹುಡುಗಿ ಅಳುತ್ತ ಹತ್ತಿದರೆ, ಆಚೆ ದಂಡೆ ಮುಟ್ಟುವುದರೊಳಗೆ ಅವಳನ್ನು ನಗಿಸಿ ಇಳಿಸುತ್ತಿದ್ದ.

ವಯಸ್ಸು ನಲವತ್ತು ದಾಟಿದ ಮೇಲೆ ಅವನ ಕೀಲುಗಳು ಹಿಡಿಯತೊಡಗಿದವು. ಮೊದಲು ಬಲಭುಜ, ಆಮೇಲೆ ಮೊಣಕೈ, ಕಡೆಗೆ ಬೆರಳ ಗೆಣ್ಣುಗಳೆಲ್ಲ ಬಾತುಕೊಂಡವು. ಹೆಂಡತಿ ಬಾಯವ್ವ ಔಡಲೆಣ್ಣೆ ಕಾಯಿಸಿ ತಿಕ್ಕಿದಳು, ಉಪ್ಪಿನ ಗಂಟಿನಿಂದ ಕಾವು ಕೊಟ್ಟಳು. ತಿಕ್ಕಿದಷ್ಟು ಹೊತ್ತು ಹಾಯೆನಿಸುತ್ತಿತ್ತು. ಬೆಳಗಾದರೆ ಹುಟ್ಟು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ ಅದು. ಬಾಯವ್ವನ ತಮ್ಮ ಪರಸಪ್ಪ ಕಟಕೋಳದವನು. ದಂಡಿನೊಡನೆ ಬಸರಾಕ್ಕೆ ಹೋಗಿ, ಅಲ್ಲಿಯ ದವಾಖಾನೆಯಲ್ಲಿ ಚಾಕರಿ ಮಾಡಿ ಬಂದು, ಈಗ ಬೆಳಗಾವಿಯಲ್ಲಿ ಔಷಧದ ಅಂಗಡಿಯೊಂದರಲ್ಲಿದ್ದ. ಒಮ್ಮೆ ಅಕ್ಕನ ಮನೆಗೆ ಬಂದಾಗ ಲಗಮಣ್ಣನ ಕೈ ನೋಡಿ ಮರುಗಿದ. ಮುಂದಿನ ಸಲ ಗಾಜಿನ ಶೀಸೆಯೊಂದನ್ನು ತಂದ.

"ಮಾವಾ, ಇವು ವಿಲಾಯ್ತಿ ಗುಳಿಗಿ. ಕೀಲಿನ ಬಾವು, ಬ್ಯಾನಿ ಎರಡೂ ಇಳಿಸ್ತಾವ. ನೋವು ಕಡಿಮಿ ಆದ ಕೂಡ್ಲೆ ಬಿಟ್ಟಬಿಡ್ರಿ."

ಲಗಮಣ್ಣ ನುಂಗಿದ. ಕೆಲವೇ ದಿನಗಳಲ್ಲಿ ಬೆರಳುಗಳು ಮಡಚಿದವು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಹುಟ್ಟನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿ ಹಿಡಿದು ದಂಡೆಯ ಮೇಲಿದ್ದವರಿಗೆಲ್ಲ ತೋರಿಸಿದ. ಬಿಡುವ ಮಾತನ್ನು ಮರೆತ. ಮಳೆಗಾಲವಿಡೀ ನುಂಗಿದ. ಹೊಳೆಯ ಸೆಳೆತ ಹೆಚ್ಚಿದ್ದ ದಿನ ಒಂದು ಗುಳಿಗೆ ಹೆಚ್ಚೇ ನುಂಗಿದ. ಶೀಸೆ ಬರಿದಾದಾಗ ಬೆಳಗಾವಿಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿ ಇನ್ನೊಂದು ತರಿಸಿದ.

ಮಳೆ ಹಿಂದಾಗುವ ಹೊತ್ತಿಗೆ ಅವನಿಗೆ ರೊಟ್ಟಿಯ ವಾಸನೆಯೇ ಸೇರದಾಯಿತು. ಮೈಯೆಲ್ಲ ತುರಿಕೆ. ಒಂದು ಮುಂಜಾನೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದವನನ್ನು ಕಂಡು ಬಾಯವ್ವ ಕೊಡ ಕೆಳಗಿಟ್ಟಳು.

"ಅಯ್ಯ ನಮ್ಮವ್ವ! ನಿಮ್ಮ ಕಣ್ಣ ನೋಡ್ರಿ, ಅರಿಷಿಣಾ ಹಚ್ಚಿದಂಗ ಆಗ್ಯಾವ."

ಕಾಮಣಿ ಎಂದು ಎಲ್ಲರೂ ಹೇಳಿದರು. ಊರಲ್ಲಿ ಕಾಮಣಿಗೆ ಔಷಧ ಕೊಡುವ ಮುದಕವ್ವ ನೆಲನೆಲ್ಲಿ ಅರೆದು ಆಡಿನ ಹಾಲಿನಲ್ಲಿ ಕೊಟ್ಟಳು. ಅನ್ನ, ಮಜ್ಜಿಗೆ ಬಿಟ್ಟರೆ ಬೇರೇನೂ ಬಾಯಿಗೆ ಹಾಕಬಾರದು, ಬೇರೆ ಔಷಧವನ್ನೂ ಮುಟ್ಟಬಾರದು ಎಂದು ಕಟ್ಟುನಿಟ್ಟು ಮಾಡಿದಳು. ಗುಳಿಗೆಯ ಶೀಸೆ ಗೋಡೆಯ ಗೂಡಿನಲ್ಲೇ ಉಳಿಯಿತು. ನಿಧಾನವಾಗಿ ಹಳದಿ ಇಳಿದು ಹಸಿವು ಮರಳಿತು.

ಚಳಿಗಾಲ ಬಂತು, ಕೀಲು ಮತ್ತೆ ಹಿಡಿಯಿತು. ಲಗಮಣ್ಣ ಶೀಸೆ ಇಳಿಸಿದ. ಈ ಸಲ ಒಂದು ವಾರವೂ ತಡೆಯಲಿಲ್ಲ. ಹೊಟ್ಟೆ ತೊಳಸಿತು, ಕಣ್ಣು ಮತ್ತೆ ಹಳದಿಯಾಯಿತು. ಆದರೂ ಆಚೆ ದಂಡೆಯಿಂದ ಜನ ಕೂಗಿದರು ಎಂದು ಎದ್ದುಹೋದ. ಬಾಯವ್ವ ಜಗಳಾಡಿ ತಾನೂ ಹರಗೋಲು ಹತ್ತಿದಳು. ಜನರನ್ನು ಹತ್ತಿಸಿಕೊಂಡು ಮರಳುವಾಗ ನಡುಹೊಳೆಯಲ್ಲಿ ಅವನ ಕಣ್ಣು ಕತ್ತಲೆಗಟ್ಟಿತು. ಹುಟ್ಟು ಕೈಜಾರಿತು. ಹರಗೋಲು ಗರಗರ ತಿರುಗುತ್ತ ಬಂಡೆಯ ಕಡೆ ಸಾಗಿತು. ಕುಳಿತವರು ಚೀರಿದರು. ಬಾಯವ್ವ ಬಗ್ಗಿ, ತೇಲುತ್ತಿದ್ದ ಹುಟ್ಟನ್ನು ಹಿಡಿದೆಳೆದಳು.

"ಯಾರೂ ಏಳಬ್ಯಾಡ್ರಿ! ಗಟ್ಟ್ಯಾಗಿ ಕುಂದರ್ರಿ!"

ಅವಳೆಂದೂ ಹುಟ್ಟು ಹಾಕಿದವಳಲ್ಲ. ಆದರೆ ಇಷ್ಟು ವರ್ಷ ಗಂಡನಿಗೆ ಬುತ್ತಿ ತಂದು ದಂಡೆಯಲ್ಲಿ ಕುಳಿತು ನೋಡಿದ್ದಳಲ್ಲ, ಆ ನೋಟವೇ ಕೈಗೆ ಬಂತು. ಸೆಳೆತಕ್ಕೆ ಎದುರು ನಿಲ್ಲದೆ, ಜೊತೆಗೇ ಹೋಗಿ, ಕೆಳಗಿನ ಮರಳಿಗೆ ತಂದು ಮುಟ್ಟಿಸಿದಳು.

ಮರುದಿನವೇ ಗಂಡನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಸವದತ್ತಿಯ ದವಾಖಾನೆಗೆ ಹೋದಳು. ಅಲ್ಲಿಯ ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಹೊಟ್ಟೆ ಒತ್ತಿ ನೋಡಿದರು.

"ಕುರಿ ಕಲೀಜ ನೋಡಿದಿ ಇಲ್ಲೋ? ನಮಗೂ ಬಲಪಕ್ಕಡಿ ಕೆಳಗ ಅದ ಇರತೈತಿ. ಅದಕ್ಕ ಪೆಟ್ಟ ಬಿದ್ದೈತಿ. ಏನ ತಿಂತಾನವಾ ಇಂವಾ?"

ಬಾಯವ್ವ ಸೆರಗಿನ ಗಂಟು ಬಿಚ್ಚಿ ಶೀಸೆಯನ್ನು ಮೇಜಿನ ಮೇಲಿಟ್ಟಳು.

"ಇದನ್ನ ನುಂಗತಾರ್ರಿ, ಸಾಹೇಬ್ರ. ಹಿಂದಕ್ಕ ಒಮ್ಮೆ ಕಾಮಣಿ ಆದಾಗ ಬಿಟ್ಟಿದ್ರು, ಕಡಿಮಿ ಆತು. ಈಗ ಮತ್ತ ನುಂಗಿದ್ರು, ಮತ್ತ ಬಂತು."

ಡಾಕ್ಟರು ಶೀಸೆಯ ಮೇಲಿನ ಚೀಟಿ ಓದಿ ಅದನ್ನು ತಮ್ಮ ಕಡೆಗೆ ಎಳೆದಿಟ್ಟುಕೊಂಡರು.

"ಒಳ್ಳೆ ಗುಳಿಗಿನ ಇದು, ಭಾಳ ಮಂದಿಗೆ ಆರಾಮ ಮಾಡೈತಿ. ಆದ್ರ ಕೆಲವರ ಕಲೀಜಕ್ಕ ಆಗಿಬರಾಂಗಿಲ್ಲಂತ ವಿಲಾಯ್ತಿ ಡಾಕ್ಟರು ಈಗೀಗ ಬರಿಯಾಕ ಹತ್ಯಾರ. ಲಗಮಣ್ಣಾ, ಇನ್ನೊಮ್ಮೆ ನುಂಗಿದ್ರ ನಾ ಏನೂ ಮಾಡಾಕ ಆಗೂದಿಲ್ಲ ನೋಡಪಾ."

"ಮತ್ತ ನೋವಿಗೇನ್ರಿ?"

"ನೋವಿನ ಜೋಡಿ ಬಾಳೇ ಮಾಡೂದು ಕಲೀಬೇಕು. ಕೈಗೆ ಕೆಲಸಾ ಕಡಿಮಿ ಕೊಡು."

ಬೇಸಿಗೆಯಿಡೀ ಅವನು ಹೊರಸಿನ ಮೇಲೆ ಮಲಗಿ ಚೇತರಿಸಿಕೊಂಡ. ಹೇಗೂ ಆಗ ಹೊಳೆ ಬತ್ತಿ ಜನ ಕಾಲ್ನಡಿಗೆಯಲ್ಲೇ ದಾಟುತ್ತಿದ್ದರು. ಸುದ್ದಿ ಕೇಳಿ ಪರಸಪ್ಪ ಓಡಿಬಂದ. ಹೊಸ್ತಿಲಲ್ಲೇ ನಿಂತು ಕಣ್ಣೊರೆಸಿಕೊಂಡ.

"ನಾನ ವಿಷಾ ತಂದಕೊಟ್ಟಂಗಾತಲ್ರೀ ಮಾವಾ."

"ಏ ಹುಚ್ಚಾ, ಬಾ ಒಳಗ. ನೀ ಬಿಡು ಅಂತ ಹೇಳಿದ್ದಿ, ನಾ ಬಿಡಲಿಲ್ಲ. ಆ ಗುಳಿಗಿ ನುಂಗಿದ ಮ್ಯಾಲ ಕೈ ಹುಡುಗರ ಕೈಯಾಗಿತ್ತಲ್ಲ, ಅದಕ್ಕ ಬಿಡಾಕ ಮನಸ ಬರಲಿಲ್ಲ," ಎಂದು ಲಗಮಣ್ಣ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಬೆಳಗಾವಿಗೆ ಮರಳಿದ ಮೇಲೆ ಪರಸಪ್ಪ, ಆ ಗುಳಿಗೆ ಕೇಳಿ ಅಂಗಡಿಗೆ ಬಂದವರಿಗೆಲ್ಲ ಕಣ್ಣು ಹಳದಿಯಾದರೆ ಕೂಡಲೇ ಬಿಡಿ ಎಂದು ಹೇಳಿಯೇ ಕೊಡುತ್ತಿದ್ದ.

ಮತ್ತೆ ಹೊಳೆ ಬಂದಾಗ ಬಾಯವ್ವ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹುಟ್ಟು ಹಿಡಿದಳು. ಹೆಣ್ಣುಮಗಳ ಕೈಯಲ್ಲಿ ಹರಗೋಲೇ ಎಂದು ಗೊಣಗಿದವರೂ ಕೆಲಸವಿದ್ದಾಗ ಹತ್ತಿದರು. ಲಗಮಣ್ಣ ಎದುರಿಗೆ ಕುಳಿತು ಸುಳಿ, ಬಂಡೆ ಹೇಳುತ್ತಿದ್ದ. ಉಳಿದ ಹೊತ್ತೆಲ್ಲ ಕುಳಿತವರೊಡನೆ ಹರಟೆ; ಬಾಯಿಗೆ ಬಿಡುವೇ ಇಲ್ಲ. ಚಳಿಯ ಮುಂಜಾನೆಗಳಲ್ಲಿ ಬೆರಳುಗಳು ಈಗಲೂ ನೋಯುತ್ತಿದ್ದವು; ಕಂಬಳಿಯೊಳಗೆ ಮುದುಡಿಕೊಂಡು ಕೂರುತ್ತಿದ್ದ.

"ಎಡಕ್ಕ, ಎಡಕ್ಕ! ನಿನಗ ಎಷ್ಟ ಸಲ ಹೇಳಬೇಕ?"

"ನೀವು ಮಾತ ನಿಲ್ಲಿಸಿದ್ರ ನನಗ ನೀರಿನ ಸಪ್ಪಳ ಕೇಳತೈತಿ," ಎಂದು ಬಾಯವ್ವ ಹರಗೋಲನ್ನು ಎಡಕ್ಕೆ ತಿರುಗಿಸಿದಳು. ಕುಳಿತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಲಗಮಣ್ಣನೇ.