ಎಲೆಯನ್ನು ತುದಿಯಿಂದ ತುಂಬಬೇಕು

ಕಸೂತಿ ಕಲಿಸುವವರು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ. ಆದರೆ ಬಟ್ಟೆಯ ಮೇಲೆ ಬರೆದ ಒಂದು ಎಲೆಯನ್ನು ದಾರದಿಂದ ತುಂಬುವುದೇ ಒಂದು ವಿದ್ಯೆಯೆಂದು ಬಗೆದು, ಮೂವತ್ತೊಂದು ವರ್ಷ ಅದಕ್ಕಾಗಿ ಕಣ್ಣು ಸವೆಸಿದವರು ನಮ್ಮ ದೊಡ್ಡ ಟೀಚರ್ ಒಬ್ಬರೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಒಪ್ಪದವರು ಅವರು ತುಂಬಿದ ಎಲೆಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಲಿ.

ಎರಡು ಮಕ್ಕಳ ತಾಯಿಯಾದ ಮೇಲೆ ನಾನು ಈ ಕಸೂತಿ ಶಾಲೆಯಲ್ಲಿ ಅವರ ತರಗತಿಗೆ ಸೇರಿದೆ. ಮೊದಲ ಮೂರು ತಿಂಗಳು ಬರೀ ಎಲೆ: ಅಗಲವಾದದ್ದಕ್ಕೆ ಉದ್ದ-ಗಿಡ್ಡ ಹೊಲಿಗೆ, ಪುಟ್ಟದ್ದಕ್ಕೆ ಒತ್ತೊತ್ತಾಗಿ ಎಳೆಯುವ ಸ್ಯಾಟಿನ್ ಹೊಲಿಗೆ, ನಡುನರ ಎದ್ದು ಕಾಣಬೇಕಾದಲ್ಲಿ ಮೀನುಮುಳ್ಳಿನ ಹೊಲಿಗೆ. ನಾನು ಗೊಣಗಿದರೆ, "ಹೂವಿಗೇನಮ್ಮ ಅವಸರ, ಅದೆಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು.

ಅವರ ಕೈಕೆಳಗಿನ ಸಹಾಯಕ ಶಿಕ್ಷಕಿಯ ಜಾಗ ಖಾಲಿಯಾದಾಗ, ಆಡಳಿತ ಸಮಿತಿಯ ಎದುರು ಒಂದು ಎಲೆ ಹೊಲಿದು ತೋರಿಸಬೇಕಾಯಿತು. ನಮ್ಮ ಮನೆಯವರು ಹಾಸಿಗೆ ಹಿಡಿದಿದ್ದ ಕಾಲ. ಆ ಕೆಲಸ ಸಿಗದಿದ್ದರೆ ಸಂಸಾರ ನಡೆಯುವಂತಿರಲಿಲ್ಲ. ಗಾಬರಿಯಲ್ಲಿ, ತುದಿಯಿಂದ ಇಳಿಸಬೇಕಾದ ಮೀನುಮುಳ್ಳಿನ ಹೊಲಿಗೆಯನ್ನು ಬುಡದಿಂದ ಏರಿಸಿಬಿಟ್ಟೆ. ದಾರವೆಲ್ಲ ತುದಿಯಲ್ಲಿ ಗುಂಪುಗೂಡಿ ಎಲೆ ಮೊಂಡಾಯಿತು.

"ಇದೇನು ಎಲೆನೋ ಚಮಚಾನೋ?" ಎಂದರು ಕಾರ್ಯದರ್ಶಿಗಳು.

ದೊಡ್ಡ ಟೀಚರ್ ಬಟ್ಟೆ ಬಿಗಿದ ಇನ್ನೊಂದು ರಿಂಗ್ ತೆಗೆದುಕೊಂಡು, ಬೇಕೆಂದೇ ಬುಡದಿಂದ ಶುರುಮಾಡಿ ತಾವೂ ಒಂದು ಎಲೆ ತುಂಬಿದರು. ಅಷ್ಟು ಹೊತ್ತೂ ಸಮಿತಿಯವರು ಕೈಕಟ್ಟಿ ಕೂತಿರಬೇಕಾಯಿತು. ಅದೂ ಮೊಂಡಾಗಿಯೇ ಬಂತು.

"ನೋಡಿ ಸಾರ್, ಹೀಗೆ ಹೊಲಿದ್ರೆ ನಂದೂ ಚಮಚಾನೇ. ಅವಳ ಕೈ ಸರಿಯಾಗಿದೆ, ಶುರು ಮಾಡಿದ ಜಾಗ ತಪ್ಪಿದೆ ಅಷ್ಟೆ. ಇನ್ನೊಂದು ಎಲೆ ಹೊಲಿಯೋಕೆ ಬಿಡಿ."

ಬಿಟ್ಟರು. ಎರಡನೆಯ ಎಲೆಯ ತುದಿ ಚೂಪಾಗಿ ಬಂತು, ಕೆಲಸ ಸಿಕ್ಕಿತು, ನಮ್ಮ ಮನೆಯ ಒಲೆ ಆರಲಿಲ್ಲ. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನು ಒಬ್ಬ ಶಿಷ್ಯೆಗಾಗಿ ಹಾಗೆ ಪಣಕ್ಕಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊರಗೆ ಬಂದು ನಾನು ಅತ್ತರೆ, "ಅಳೋದು ಆಮೇಲೆ, ಮೊದಲು ಆ ಮೊಂಡು ಎಲೆ ಬಿಚ್ಚು, ಬಟ್ಟೆ ದಂಡ" ಎಂದು ಗದರಿದರು.

ಹದಿನೆಂಟು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತೆ. ಇವತ್ತು ಅವರು ನಿವೃತ್ತರಾಗುತ್ತಿದ್ದಾರೆ, ನಾಳೆಯಿಂದ ಅವರ ಕುರ್ಚಿ ನನ್ನದು. ಅದಕ್ಕೆ ತಕ್ಕವಳೆಂಬ ಧೈರ್ಯವೂ ನನಗಿದೆ, ಅದೂ ಅವರೇ ಕೊಟ್ಟದ್ದು. ಅವರು ನೂರ್ಕಾಲ ಬಾಳಲಿ, ಸೂಜಿ ಕೆಳಗಿಡದಿರಲಿ, ವಾರಕ್ಕೊಮ್ಮೆಯಾದರೂ ತರಗತಿಗೆ ಬಂದು ನನ್ನ ಹೊಲಿಗೆಯಲ್ಲಿ ಕುಂದು ಹುಡುಕಲಿ. ಹುಡುಗಿಯರ ತಪ್ಪು ತಿದ್ದಲು ನಾನಿದ್ದೇನೆ. ನನ್ನ ತಪ್ಪು ತಿದ್ದಲು ಅವರನ್ನು ಬಿಟ್ಟರೆ ಈ ಶಾಲೆಯಲ್ಲಿ ಇನ್ಯಾರೂ ಇಲ್ಲ.