ಬಾಣಂತಿ ಕೋಣೆಯ ಚಟಪಟ ಸದ್ದು

ಬಾಣಂತಿಯರಿಗೆ ಎಣ್ಣೆ ತಿಕ್ಕುವ ಆ ಮುದುಕಿಯನ್ನು ಎಲ್ಲರೂ ಉಕ್ಕಿನಕ್ಕ ಎನ್ನುತ್ತಿದ್ದರು. ಅವಳು ಒಮ್ಮೆ ಒತ್ತಿದರೆ ಕಲ್ಲುಕಂಬವೂ "ಅಮ್ಮಾ, ಹಾಯಾಯ್ತು" ಎಂದು ನಿಟ್ಟುಸಿರು ಬಿಡುತ್ತದೆಂದು ಪ್ರತೀತಿ. ಈಚೆಗೆ ಆ ಉಕ್ಕಿಗೂ ತುಕ್ಕು ಹಿಡಿದಿತ್ತು. ಬಾಚಣಿಗೆ ಹಿಡಿಯೆಂದರೂ ಬೆರಳುಗಳು ರಜೆ ಕೇಳುತ್ತಿದ್ದವು.

ಅಂದಿನ ಕೊನೆಯ ಮನೆಯಲ್ಲಿ, ಬೆನ್ನಿಗೆ ಎಣ್ಣೆ ಬೀಳುತ್ತಲೇ ಬಾಣಂತಿ ಅಳತೊಡಗಿದಳು.

"ನೋವಾ, ತಾಯಿ?"

"ನೋವಲ್ಲಕ್ಕಾ, ನಿದ್ದೆ. ಮಗು ಮಲಗಿದ್ರೆ ನೆಂಟರು ಎಬ್ಬಿಸ್ತಾರೆ, ನೆಂಟರು ಹೋದ್ರೆ ಮಗು ಎಬ್ಬಿಸುತ್ತೆ."

ಹೊರಗೆ ಅತ್ತೆಯ ತೊಡೆಯ ಮೇಲೆ ಮಗು, ಸುತ್ತ ನೆಂಟರ ದಂಡು. ತಿಕ್ಕುವ ಸದ್ದು ಕೇಳುತ್ತಿರುವಷ್ಟು ಹೊತ್ತು ಮಾತ್ರ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ.

"ಕಣ್ಣು ಮುಚ್ಚು," ಎಂದ ಉಕ್ಕಿನಕ್ಕ ಗೋಡೆಗೊರಗಿ, ತನ್ನ ಕಾಲಿಗೇ ಎಣ್ಣೆ ಸವರಿ ಚಟಪಟ ಬಡಿದುಕೊಳ್ಳತೊಡಗಿದಳು. ಬಾಣಂತಿ ಕೊರಡಿನಂತೆ ನಿದ್ದೆಹೋದಳು. ಅರ್ಧ ಲೋಕದ ಸೊಂಟಗಳನ್ನು ನೆಟ್ಟಗೆ ಮಾಡಿದ್ದ ಕೈ ತನ್ನ ಒಡತಿಯದೇ ಕಾಲನ್ನು ನೀವಿದ್ದು ಅದೇ ಮೊದಲು. ಹಿತವಾಯಿತು, ಆ ಹಿತವೇ ಮುಳುವಾಯಿತು. ಕೈ ನಿಂತಿತು, ಗೊರಕೆ ಶುರುವಾಯಿತು.

ಅತ್ತೆ ಬಾಗಿಲು ತಟ್ಟಿದರು. "ಏನಮ್ಮಾ, ಮುಗೀತಾ?"

ಬಾಣಂತಿ ಬೆಚ್ಚಿ ಎದ್ದಳು. ಬಾಯಿ ತೆರೆದು ಮಲಗಿದ್ದ ಮುದುಕಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ತೋಳಿಗೆ ತಾನೇ ಚಟಪಟ ಬಡಿದುಕೊಳ್ಳುತ್ತ ಕೂಗಿದಳು: "ಇಲ್ಲ ಅತ್ತೆ, ಬೆನ್ನು ಇನ್ನೂ ಬಾಕಿ ಇದೆ!"

"ಮತ್ತೆ ಆ ಗೊರಕೆ ಯಾರದ್ದೇ?"

"ನಂದೇ, ಅತ್ತೆ," ಎಂದಳು ಬಾಣಂತಿ, ಬಡಿಯುವುದನ್ನು ನಿಲ್ಲಿಸದೆ.