ಅಕ್ಕನ ಕಂಪ್ಯೂಟರಿಗೆ ಎಸ್‌ಎಂಪಿಎಸ್ ತಂದದ್ದು

ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದವರು ನಮ್ಮ ಮಾಮ, ಅಂದರೆ ಅಕ್ಕನ ಗಂಡ. ಬಹಳ ದಿನ ನಾನು ಹೀಗೇ ಹೇಳಿಕೊಂಡು ತಿರುಗಿದೆ. ಅವರ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದದ್ದು, ಬನಿಯನ್ನಿನ ಭುಜದ ಹತ್ತಿರ ಒಂದು ತೂತು ಇದ್ದದ್ದು, ಬಿಚ್ಚಿದ ತಗಡನ್ನು ಗೋಡೆಗೆ ಆನಿಸಿ ಇಟ್ಟದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ಚೆನ್ನಾಗಿ ಕಾಣುತ್ತಿದೆ ಎಂಬುದೇ ಈಗ ನನ್ನ ಅನುಮಾನಕ್ಕೆ ಕಾರಣ. ಕೇಳದೆ ಇಷ್ಟೊಂದು ವಿವರ ಕೊಡುವ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ.

ಅಕ್ಕ ಕೊಪ್ಪಳದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುತ್ತಿದ್ದಳು. ಗಿಣಿಗೇರಾದಿಂದ ದಿನಾ ಬಸ್ಸು, ಸ್ಟುಡಿಯೋದ ಹಿಂದಿನ ಕೋಣೆ, ಕಿಟಕಿ ಇಲ್ಲದ ಗೋಡೆ, ಅವರ ಕಂಪ್ಯೂಟರ್. ಒಂದು ದಿನ ಮಾಲೀಕರಿಗೆ ಹೇಳಿಬಿಟ್ಟಳು, ಮನೆಯಲ್ಲೇ ಕೂತು ಮಾಡಿಕೊಡುತ್ತೇನೆ ಅಂತ. ಅವರು ಒಂದು ಷರತ್ತು ಹಾಕಿದರು. ಮೂರು ಆಲ್ಬಮ್ ಮನೆಯಿಂದ ಮಾಡಿ, ಹೇಳಿದ ದಿನಕ್ಕೆ ತಂದುಕೊಡಬೇಕು. ಸರಿಬಂದರೆ ಈ ಲಗ್ನದ ಹಂಗಾಮಿನ ಕೆಲಸವೆಲ್ಲ ಅವಳಿಗೆ. ಬರದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮರುವಾರವೇ ಅವಳ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು.

ನಾನು ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ಕಾರಣಕ್ಕೆ ಮನೆಯಲ್ಲಿ ಫ್ಯಾನು ತಿರುಗದಿದ್ದರೂ, ಮೊಬೈಲ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ರೆಡಿ ಕಂಪ್ಯೂಟರ್ ಬೇಡ, ಬಿಡಿ ಭಾಗ ತಂದು ನಾನೇ ಜೋಡಿಸುತ್ತೇನೆ ಎಂದೆ. ಆತ್ಮವಿಶ್ವಾಸದಿಂದ ಹೇಳಿದ ಮಾತಲ್ಲ ಅದು. ಬೇರೆಯವರು ಜೋಡಿಸಿದ್ದರ ಒಳಗೆ ಏನಿದೆಯೋ ಎಂಬ ಭಯ. ಮದರ್‌ಬೋರ್ಡು, ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಮುಚ್ಚಿಹೋದ ಇಂಟರ್ನೆಟ್ ಸೆಂಟರ್ ಒಂದರಿಂದ ಬಂದವು. ಕೊಟ್ಟವರು "ಒಂದ ವರ್ಷನೂ ವಾಪರಿಸಿಲ್ರಿ" ಎಂದರು. ನಾನು ಹಿಂಬದಿಯ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಇದೆಯೇ ಎಂದು ಮೂಸಿದೆ. ಅಕ್ಕ ಪಕ್ಕದಲ್ಲಿ ನಿಂತು ನೋಡಿ, "ಹೆಣ್ಣ ನೋಡಾಕ ಹೋದಾಗೂ ಇಷ್ಟ ನೋಡಿದ್ದಿಲ್ಲ ನೀ" ಎಂದಳು.

ಉಳಿದದ್ದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ತಗ್ಗಿಸಿ ಒಳಗಿನ ಎಲ್ಲ ಭಾಗಕ್ಕೂ ಹಂಚುವ ಪೆಟ್ಟಿಗೆ ಅದು. ಅದು ಕೈಕೊಟ್ಟರೆ ತಾನೊಂದೇ ಹೋಗುವುದಿಲ್ಲ, ಜೊತೆಗೆ ಉಳಿದವನ್ನೂ ಸುಡುತ್ತದೆ ಎಂದು ಓದಿದ್ದೆ. ಅದೊಂದನ್ನು ಮಾತ್ರ ಹೊಸದು ತರೋಣ ಎಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದೆ. ಮೂವರೂ ಗಂಗಾವತಿಗೆ ಹೋದೆವು.

ಅಂಗಡಿಯವರು ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟರು. ಎರಡರ ಮೇಲೂ ಒಂದೇ ವ್ಯಾಟು ಬರೆದಿತ್ತು.

ಮಾಮ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಮೋಟಾರ್ ರಿಪೇರಿ ಮಾಡುವವರು. ಬರೆದದ್ದನ್ನು ಓದಲಿಲ್ಲ. ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೇಲೆ ಕೆಳಗೆ ಮಾಡಿದರು. ನಮ್ಮ ಕಡೆ ಬೋರಿನ ಮೋಟಾರನ್ನು ಹೀಗೇ ನೋಡುವುದು. ಭಾರ ಇದ್ದರೆ ಒಳಗೆ ತಾಮ್ರ ಇದೆ, ಹಗುರ ಇದ್ದರೆ ಮೋಸ ಇದೆ.

"ಇದು ಜಡ ಐತಿ. ಇದನ್ನ ತಗೋಳೂಣು" ಎಂದರು.

"ಮೋಟರ್ ಅಲ್ರಿ ಅದು," ಅಂಗಡಿಯವರು ನಕ್ಕರು. "ಹಗರಂದು ಒಯ್ಯಿರಿ. ಹೊಸಾ ನಮೂನಿ ಮಾಲ್. ನಾ ಹೇಳೂದ ಕೇಳ್ರಿ."

ಅವರು "ನಾ ಹೇಳೂದ ಕೇಳ್ರಿ" ಎಂದದ್ದೇ ತಪ್ಪಾಯಿತು. ಯಾಕೆ ಹೇಳುತ್ತಿದ್ದಾರೆ? ಹಗುರಾದದ್ದು ಮಾರಾಟವಾಗದೆ ಉಳಿದಿದೆಯೇ? ಅದರ ಪೆಟ್ಟಿಗೆಯ ಟೇಪಿನ ಮೇಲೆ ಇನ್ನೊಂದು ಟೇಪು ಬೇರೆ ಇತ್ತು.

"ಇದನ್ನ ಒಮ್ಮಿ ಬಿಚ್ಯಾರಲ್ರಿ?" ಎಂದೆ.

"ನಾನ ಬಿಚ್ಚೇನ್ರಿ ಸರ್. ಚಾಲೂ ಮಾಡಿ ನೋಡದ ಕೊಟ್ರ ನೀವ ಬಂದು ಜಗಳ ತಗೀತೀರಿ."

ಉತ್ತರ ಬಹಳ ಸಲೀಸಾಗಿ ಬಂತು ಎನ್ನಿಸಿತು. ಮಾಮನ ಕೈ, ನನ್ನ ಅನುಮಾನ ಎರಡೂ ಒಂದೇ ಪೆಟ್ಟಿಗೆಯನ್ನು ತೋರಿಸಿದ್ದವು. ಭಾರದ್ದನ್ನು ತಂದೆವು. ಅಕ್ಕನನ್ನು ಯಾರೂ ಕೇಳಿರಲಿಲ್ಲ ಎಂಬುದು ನನಗೆ ಈಗ, ಇದನ್ನು ಬರೆಯುವಾಗ ಹೊಳೆಯುತ್ತಿದೆ. ಆವತ್ತೇ ಹೊಳೆದಿತ್ತು ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು.

ಗಿಣಿಗೇರಾದ ಮನೆಯ ಮುಂದಿನ ಕೋಣೆಯಲ್ಲಿ ಮರುದಿನ ಕಂಪ್ಯೂಟರ್ ಜೋಡಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಅದೂ ನನಗೆ ಸರಿಬರಲಿಲ್ಲ. ಮುಂದಿನ ಭಾನುವಾರಗಳಲ್ಲಿ ಹೋದಾಗಲೆಲ್ಲ ಎಸ್‌ಎಂಪಿಎಸ್ಸಿನ ಮೇಲೆ ಕೈ ಇಟ್ಟು ಬಿಸಿ ನೋಡಿದೆ, ಫ್ಯಾನಿನ ಸದ್ದಿಗೆ ಕಿವಿ ಕೊಟ್ಟೆ. ಪಕ್ಕದ ತಗಡು ತೆರೆದೇ ಇತ್ತು. ತೆರೆದ ಕಡೆಗೆ ಒಂದು ಟೇಬಲ್ ಫ್ಯಾನು ತಿರುಗುತ್ತಿತ್ತು.

ಮೊದಲನೆಯ ಆಲ್ಬಮ್ ಹೇಳಿದ ದಿನಕ್ಕೆ ಹೋಯಿತು. ಎರಡನೆಯದು ಅರ್ಧದಲ್ಲಿದ್ದಾಗ ಯಂತ್ರ ತಾನಾಗಿಯೇ ಆರತೊಡಗಿತು. ಸುಮ್ಮನೆ ಫೋಟೋ ಜೋಡಿಸುವಾಗ ಏನೂ ಆಗುತ್ತಿರಲಿಲ್ಲ. ಮುಗಿದಷ್ಟು ಪುಟಗಳನ್ನು ಒಟ್ಟಿಗೆ ದೊಡ್ಡ ಫೈಲಾಗಿ ತೆಗೆಯಲು ಕೊಟ್ಟರೆ ಅರ್ಧಕ್ಕೆ ಬಂದು ಟಪ್ ಎಂದು ನಿಲ್ಲುತ್ತಿತ್ತು. ಅಕ್ಕ ನನಗೆ ಫೋನ್ ಮಾಡಿದಾಗ ಕೊಡುವ ದಿನಕ್ಕೆ ಐದೇ ದಿನ ಉಳಿದಿತ್ತು.

ರಜೆ ಹಾಕಿ ಬಂದೆ. ಎಸ್‌ಎಂಪಿಎಸ್ಸಿನ ಜಾಲರಿಗೆ ಮೊಬೈಲ್ ಬೆಳಕು ಬಿಟ್ಟು ಒಳಗೆ ಇಣುಕಿದೆ. ಕರೀ ಧೂಳು ಬೆರಳುಗಟ್ಟಲೆ ಕೂತಿತ್ತು. ಒಂದು ತಿಂಗಳೂ ಆಗದ ವಸ್ತುವಿನಲ್ಲಿ ಇಷ್ಟು ಧೂಳು! ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕೊನೆಗೂ ಕಳ್ಳ ಸಿಕ್ಕಿದ್ದ.

"ಹಳೇ ಮಾಲ್ ಅದ. ವರೆಸಿ, ಹೊಸ ಡಬ್ಬ್ಯಾಗ ಹಾಕಿ ಕೊಟ್ಟಾನ" ಎಂದೆ.

ಅಕ್ಕ ಕ್ಯಾಬಿನೆಟ್ಟನ್ನು ಹಳೆಯ ಸೀರೆಯಲ್ಲಿ ಕಟ್ಟಿದಳು. ಮಾಮ ಡ್ಯೂಟಿಗೆ ಹೋಗಿದ್ದರು. ಗಂಗಾವತಿ ಬಸ್ಸಿನಲ್ಲಿ ಅವಳು ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನಾನು ಅಂಗಡಿಯವರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅಂದದ್ದರಲ್ಲಿ ಅರ್ಧ ನೆನಪಿಲ್ಲ, ಉಳಿದರ್ಧ ಬರೆಯಲು ಮನಸ್ಸಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕ್ಯಾಬಿನೆಟ್ಟಿನ ತಳದಿಂದ ಒಂದು ಚಿಟಿಕೆ ಧೂಳನ್ನು ಕಾಗದದ ಮೇಲೆ ಉದುರಿಸಿ, ಒಡೆದ ಸ್ಪೀಕರಿನ ಅಯಸ್ಕಾಂತವೊಂದನ್ನು ಕಾಗದದ ಕೆಳಗೆ ಹಿಡಿದರು. ಧೂಳು ಮುಳ್ಳಿನಂತೆ ಎದ್ದು ನಿಂತಿತು. ಅಯಸ್ಕಾಂತ ಆ ಕಡೆ ಹೋದರೆ ಆ ಕಡೆ ನಡೆಯಿತು, ಈ ಕಡೆ ಬಂದರೆ ಈ ಕಡೆ.

"ಯಾವೂರ್ರಿ ನಿಮ್ದು?" ಅಕ್ಕನನ್ನು ಕೇಳಿದರು.

"ಗಿಣಿಗೇರಾರಿ."

"ಅಲ್ಲಾ ಸರ್," ನನ್ನ ಕಡೆ ತಿರುಗಿದರು, "ನಮ್ಮ ಗಂಗಾವತ್ಯಾಗ ಧೂಳಿಲ್ಲ ಅನ್ನಾಂಗಿಲ್ಲ. ಸುತ್ತಾ ಅಕ್ಕಿ ಮಿಲ್ ಅದಾವ, ಹೊಟ್ಟು ಹಾರಿ ಬಂದು ಕುಂದರ್ತೈತಿ. ಆದ್ರ ಹೊಟ್ಟು ಹಿಂಗ ಕುಣಿಯೂದಿಲ್ರಿ. ಇದು ನಿಮ್ಮೂರಿನ ಕಬ್ಬಣ. ಪಕ್ಕದ ತಗಡ ಯಾಕ ಬಿಚ್ಚೀರಿ?"

ಸುತ್ತಲೂ ಕಬ್ಬಿಣದ ಕಾರ್ಖಾನೆಗಳಿರುವ ಗಿಣಿಗೇರಾದವರು ಬೆಳಿಗ್ಗೆ, ಸಂಜೆ ಎರಡು ಹೊತ್ತು ಕಟ್ಟೆ ಒರೆಸುತ್ತಾರೆ. ಒಣಹಾಕಿದ ಬಟ್ಟೆಯನ್ನು ಜಾಡಿಸದೆ ಮಡಚುವುದಿಲ್ಲ. ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಇಷ್ಟೆಲ್ಲ ಮಾಡಿಯೂ ಅದನ್ನು ಧೂಳೆಂದು ಎಣಿಸುವುದಿಲ್ಲ. ಧೂಳು ಎಂದರೆ ಬೇರೆ ಊರಿನದು. ನಾನೂ ಆ ಮನೆಗೆ ಹೋದಾಗೆಲ್ಲ ಕರೀ ಅಂಗಾಲು ತೊಳೆದುಕೊಂಡೇ ಒಳಗೆ ಹೋಗುತ್ತಿದ್ದೆ.

"ತಮ್ಮಾ," ಅಕ್ಕ ಮೆಲ್ಲಗೆ ಕೇಳಿದಳು, "ಸಾಲ್ಯಾಗ ಹುಡುಗರಿಗೆ ಏನ ಕಲಸ್ತಿ ನೀ?"

ಅಯಸ್ಕಾಂತದ ಪಾಠ. ಪ್ರತಿ ವರ್ಷ. ಕಾಗದ, ಕಬ್ಬಿಣದ ಪುಡಿ, ಇದೇ ಆಟ.

"ತಗಡ ಬಿಚ್ಚಿದಾಂವ ನಾನಲ್ಲ, ಮಾಮ ಬಿಚ್ಯಾರ" ಎಂದೆ.

ಅಕ್ಕ ಮೊಬೈಲ್ ತೆಗೆದು ಒಂದು ಫೋಟೋ ಹುಡುಕಿದಳು. ಕಂಪ್ಯೂಟರ್ ಮೊದಲ ಸಲ ಚಾಲೂ ಆದ ದಿನ ತೆಗೆದದ್ದು. ಅದರಲ್ಲಿ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿತ್ತು. ತಗಡು ನನ್ನ ಮೊಣಕಾಲಿಗೆ ಆನಿಕೊಂಡಿತ್ತು. ಮಾಮ ಹಿಂದೆ ಬಾಗಿಲಲ್ಲಿ ನಿಂತಿದ್ದರು, ತುಂಬು ತೋಳಿನ ಅಂಗಿಯಲ್ಲಿ. ಬನಿಯನ್ನಿನ ತೂತನ್ನು ನಾನು ಎಲ್ಲಿಂದ ತಂದೆನೋ ಗೊತ್ತಿಲ್ಲ.

"'ಫ್ಯಾನ್ ತಿರಗತೈತೋ ಇಲ್ಲೋ ಕಣ್ಣಿಗಿ ಕಾಣಬೇಕು, ಅವನ್ನ ನಂಬಾಂಗಿಲ್ಲ' ಅಂದಿ ನೀ," ಅವಳೆಂದಳು. "ಅವನ್ನ ಅಂದ್ರ ಇವ್ರನ್ನ."

ಅಂಗಡಿಯವರು ಕೇಳಿಸದವರ ಹಾಗೆ ಕನ್ನಡಕ ಒರೆಸಿದರು. ನಂತರ ಭಾರದ ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದರು. ಒಳಗೆ ಒಂದು ಮೂಲೆಯಲ್ಲಿ ಮುಷ್ಟಿಯಷ್ಟು ದೊಡ್ಡ ಕಬ್ಬಿಣದ ಕಾಯಿಲ್ ಕೂತಿತ್ತು. ಹಳೆಯ ಪದ್ಧತಿಯ ಡಿಸೈನಂತೆ. ಮಾಮನ ಕೈಗೆ ಸಿಕ್ಕ ಭಾರ ಅದರದು. ಯಂತ್ರ ಆರಿದ್ದು ಧೂಳಿನಿಂದಲೋ, ಆ ಪೆಟ್ಟಿಗೆಗೆ ಮೊದಲಿನಿಂದಲೂ ಶಕ್ತಿ ಸಾಲದ್ದರಿಂದಲೋ? ಕೇಳಿದೆ. "ಎರಡೂ ಇರಬೌದ್ರಿ" ಎಂದರು. ಈ ಉತ್ತರವನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ.

"ಅಕ್ಕಾರ, ಹಗರಂದು ಹಾಕಿ ಕೊಡ್ಲ್ಯಾ?" ಅವರು ಕೇಳಿದರು.

ಅದೇ ಟೇಪಿನ ಮೇಲೆ ಟೇಪಿನ ಪೆಟ್ಟಿಗೆಯೋ ಎಂದು ನೋಡಲು ನಾನು ಕತ್ತು ಚಾಚಿದೆ.

"ನೀ ಸುಮ್ಕ ಕುಂದ್ರು," ಅಕ್ಕ ನನಗೆಂದಳು. ಅವರಿಗೆ, "ಹಾಕ್ರಿ. ಆದ್ರ ನಾ ಇಲ್ಲೇ ಫೈಲ್ ತಗದು ನೋಡಿ ಒಯ್ತೀನ್ರಿ."

ಅವರು ಎಲ್ಲವನ್ನೂ ಬ್ರಶ್ಶಿನಿಂದ ಉಜ್ಜಿ, ಬ್ಲೋವರಿನಿಂದ ಊದಿ, ಹೊಸದನ್ನು ಕೂರಿಸಿ, ತಗಡು ಮುಚ್ಚಿದರು. ಅಕ್ಕ ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಎರಡನೆಯ ಆಲ್ಬಮ್ಮಿನ ಪುಟಗಳನ್ನು ತೆಗೆಯಲು ಕೊಟ್ಟಳು. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ತೆವಳುತ್ತ ಅರ್ಧಕ್ಕೆ ಬಂತು. ನಾನು ಅವಳ ಹಿಂದಿನಿಂದ ಬಗ್ಗಿ ನೋಡಿದೆ. ಅವಳು ಗೆರೆಯನ್ನು ನೋಡುತ್ತಲೇ ಇರಲಿಲ್ಲ. ಅಂಗಡಿಯವರ ಹೆಂಡತಿ ಕಳಿಸಿದ ಚಹಾಕ್ಕೆ ಸಕ್ಕರೆ ಹೆಚ್ಚಾಗಿದೆ ಎಂದು ಹೇಳುತ್ತಿದ್ದಳು. ಗೆರೆ ಅರ್ಧ ದಾಟಿತು. ಮುಗಿಯಿತು. ಅವಳು ಮತ್ತೊಮ್ಮೆ ಮೊದಲಿನಿಂದ ಕೊಟ್ಟಳು. ಅದೂ ಮುಗಿಯಿತು.

ಯಂತ್ರ ಕೆಟ್ಟ ದಿನಗಳ ಕೆಲಸ ಹಿಂದುಳಿದು, ಎರಡನೆಯ ಆಲ್ಬಮ್ ಒಂದು ದಿನ ತಡವಾಗಿ ಹೋಯಿತು. ಮೂರನೆಯದನ್ನು ಎರಡು ದಿನ ಮೊದಲೇ ಮುಗಿಸಿದಳು. ಕೊಪ್ಪಳಕ್ಕೆ ಅವಳ ಜೊತೆ ನಾನೂ ಹೋದೆ. ಒಳಗೆ ಬರಬೇಡ ಎಂದಳು, ಸ್ಟುಡಿಯೋದ ಎದುರಿನ ಬೇವಿನ ಮರದ ಕೆಳಗೆ ನಿಂತೆ. ಗಾಜಿನಾಚೆ ಮಾಲೀಕರು ಒಂದೊಂದೇ ಪುಟ ದೊಡ್ಡದು ಮಾಡಿ ನೋಡುತ್ತಿದ್ದರು. ಒಂದು ಪುಟದಲ್ಲಿ ಬಹಳ ಹೊತ್ತು ನಿಂತರು. ತಡವಾದ ಒಂದು ದಿನದ ಮಾತು ತೆಗೆದಿರಬೇಕು ಎಂದುಕೊಂಡೆ, ಯಾಕೆಂದರೆ ಅಕ್ಕ ತಲೆ ತಗ್ಗಿಸಿದಳು. ಅಥವಾ ಕೀಬೋರ್ಡ್ ನೋಡಿದಳೋ. ಗಾಜಿನ ಮೇಲೆ ರಸ್ತೆಯ ಬಿಸಿಲು ಬಿದ್ದು ಸರಿಯಾಗಿ ಕಾಣಲಿಲ್ಲ.

ಹೊರಗೆ ಬಂದಳು. ಮುಖದಲ್ಲಿ ಏನೂ ಇರಲಿಲ್ಲ.

"ಏನಂದ್ರು?"

ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದಿನಿಂದ ಮತ್ತೆ ಕೇಳಿದೆ. ರಸ್ತೆ ದಾಟಿ ನಿಂತು, ತಿರುಗಿ ನೋಡಿದಳು.

"ಇನ್ನ ಮ್ಯಾಲ ಐತವಾರ ಬರೂದಿದ್ರ ಫೋನ್ ಮಾಡಿ ಬಾ," ಎಂದಳು. "ನಾಕ ಮದುವಿ ಫೋಟೋ ಕೊಟ್ಟಾರ. ಸುಮ್ಮನ ಬಂದು ಮಾತಾಡ್ಕೋಂತ ಕುಂತ್ರ ನನಗ ಪುರಸತ್ತ ಇರೂದಿಲ್ಲ."